ಎರಡು ಬಾಗಿಲಿನ ಗೋದಾಮು

ಹಾಸಿಗೆ ಕಂಪನಿಯ ಗೋದಾಮಿಗೆ ಹೊಸ ನೆಟ್‌ವರ್ಕ್ ಲೈನು ಚಾಲೂ ಮಾಡಿ ಹಿರಿಯಳಿಯ ಮೀಸೆ ತಿರುವಿದ್ದೇ ತಡ, ಅಂಗಡಿಗಳಿಂದ ಬಂದ ಆರ್ಡರುಗಳೆಲ್ಲ ಗಿರಗಿಟ್ಲೆ ಆಡತೊಡಗಿದವು. ಗೋದಾಮಿನ ಮುಂಬಾಗಿಲಿನ ಲೈನಿನಲ್ಲಿ ಒಳಹೋದ ಆರ್ಡರು ಹಿಂಬಾಗಿಲಿನ ಲೈನಿನಲ್ಲಿ ಹೊರಬೀಳುತ್ತಿತ್ತು, ಇಡೀ ನೆಟ್‌ವರ್ಕ್ ಪ್ರದಕ್ಷಿಣೆ ಹಾಕಿ ಮತ್ತೆ ಮುಂಬಾಗಿಲಿಗೇ ಬರುತ್ತಿತ್ತು. ಹೀಗೆ ಸುತ್ತಿ ಸುತ್ತಿ ಆಯಸ್ಸು ಮುಗಿದು ದಾರಿಯಲ್ಲೇ ಪ್ರಾಣ ಬಿಡುತ್ತಿತ್ತು. ಗೋದಾಮಿನಲ್ಲಿ ಮೋಡ ಮುಟ್ಟುವಷ್ಟು ಹಾಸಿಗೆ. ಕೇಳುವವರು ಒಬ್ಬರೂ ಇಲ್ಲ.

ಬೇರೆ ಕಂಪನಿಗಳಿಗೆ ಖಾಸಗಿ ನೆಟ್‌ವರ್ಕ್ ನಡೆಸಿಕೊಡುವ ಆಫೀಸು ಹಿರಿಯಳಿಯನದು. ಅವನಂಥ ಇಂಜಿನಿಯರ್ ಹಿಂದೆ ಹುಟ್ಟಿರಲಿಲ್ಲ, ಮುಂದೆ ಹುಟ್ಟುವ ಲಕ್ಷಣವೂ ಇರಲಿಲ್ಲ. ಅವನು ಕೀಬೋರ್ಡ್ ಮುಟ್ಟಿದರೆ ಸಾಕು, ಪಕ್ಕದ ಊರಿನ ರೂಟರುಗಳೂ ಎದ್ದು ನಿಂತು ಕೈಮುಗಿಯುತ್ತವೆಂದು ಆಫೀಸಿನಲ್ಲಿ ಸುದ್ದಿ. ಸುದ್ದಿ ಹಬ್ಬಿಸಿದವನು ಅವನೇ.

ಮ್ಯಾನೇಜರಮ್ಮ ಬಂದು ಅವನ ಕುರ್ಚಿಯ ಹಿಂದೆ ನಿಂತಳು.

"ಹಾಸಿಗೆ ಕಂಪನಿ ಯಜಮಾನ್ರು ಊಟದ ಹೊತ್ತಿನ ತನಕ ಕಾಯ್ತಾರಂತೆ. ಆಮೇಲೆ ಬೇರೆ ಯಾರನ್ನಾದ್ರೂ ನೋಡ್ಕೊಳ್ತಾರಂತೆ. ಅವರು ಹೋದ್ರೆ ಈ ಕುರ್ಚಿನೂ ಹೋಯ್ತು ಅಂತ ತಿಳ್ಕೊಳ್ಳಿ."

"ಚಿಟಿಕೆ ಹೊಡೆಯೋ ಅಷ್ಟು ಕೆಲಸ ಮೇಡಂ."

"ಹಾಗಾದ್ರೆ ಹೊಡೀರಿ. ಯಾರು ಕೈ ಹಿಡ್ಕೊಂಡಿದಾರೆ?"

ಕೈ ಹಿಡಿದದ್ದು ಒಂದು ಅನುಮಾನ. ಒಂದೇ ಜಾಗಕ್ಕೆ ಎರಡು ಲೈನಿದ್ದರೆ ಎರಡಕ್ಕೂ 'ಇದು ಇಂಥ ಜಾಗದ್ದು' ಎಂಬ ಒಂದೇ ಗುರುತು ಹಾಕಬೇಕು. ಆಗ ಒಂದು ಬಾಗಿಲಿಂದ ಹೊರಟ 'ಗೋದಾಮಿಗೆ ದಾರಿ ಇಲ್ಲಿ' ಎಂಬ ಸುದ್ದಿಯನ್ನು ಇನ್ನೊಂದು ಬಾಗಿಲಲ್ಲಿ ಅದೇ ಮನೆಯವರಿಗೆ ಯಾರೂ ಊದುವುದಿಲ್ಲ. ಗುರುತು ಬೇರೆಯಾದರೆ ಮುಗಿಯಿತು: ಗೋದಾಮು ಎಲ್ಲೋ ಹೊರಗಿದೆಯೆಂದು ಗೋದಾಮಿನ ರೂಟರೇ ನಂಬಿ, ಮನೆಗೆ ಬಂದ ಆರ್ಡರನ್ನು ಬೀದಿಗೆ ಅಟ್ಟುತ್ತದೆ. ಹಿರಿಯಳಿಯ ಹಾಕಿದ್ದು ಬೇರೆ ಬೇರೆ ಗುರುತು. ಯಾಕೆಂದರೆ ಹೊಸ ಲೈನು ಬೇರೆ ಬೀದಿಯ ಬೇರೆ ಕಟ್ಟಡಕ್ಕೆ ಎಂದು ಹಾಸಿಗೆ ಕಂಪನಿಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥನೇ ಹೇಳಿಕಳಿಸಿದ್ದ.

ಆ ಮುಖ್ಯಸ್ಥ ಬೇರೆ ಯಾರೂ ಅಲ್ಲ, ಇವನ ಷಡ್ಡಕ, ಅತ್ತೆಮನೆಯ ಕಿರಿಯಳಿಯ. ಹಿಂದೊಮ್ಮೆ ಮಾವನ ಟೀವಿ ಸತ್ತೇಹೋಗಿದೆ ಎಂದು ಹಿರಿಯಳಿಯ ಅರ್ಧ ದಿನ ಭಾಷಣ ಮಾಡಿದ್ದ. ಕಿರಿಯಳಿಯ ಬಂದು ಗೋಡೆಯ ಸ್ವಿಚ್ಚು ಒತ್ತಿದ್ದ. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ. ಏನೇ ಇದ್ದರೂ ಇವನು ಹೆಂಡತಿಗೆ ಹೇಳಬೇಕು, ಅವಳು ತಂಗಿಗೆ, ತಂಗಿ ತನ್ನ ಗಂಡನಿಗೆ. ಉತ್ತರವೂ ಅದೇ ದಾರಿಯಲ್ಲಿ ವಾಪಸ್ಸು.

ಹಿರಿಯಳಿಯ ಹೆಂಡತಿಗೆ ಫೋನ್ ಮಾಡಿದ.

"ನಿನ್ನ ತಂಗಿಗೆ ಹೇಳು. ಹೊಸ ಲೈನು ಬೇರೆ ಕಟ್ಟಡಕ್ಕೆ ಅಂದದ್ದು ಗ್ಯಾರಂಟಿನಾ ಅಂತ ಅವಳ ಗಂಡನ್ನ ಕೇಳ್ಲಿ."

"ಆಗಲ್ಲ ರೀ."

"ಆಗಲ್ಲ ಅಂದ್ರೆ?"

"ಅವಳಿಗೆ ಫೋನ್ ಮಾಡಿದ್ರೆ ಬರೀ ನಿಮ್ಮ ಲೈನು, ಅವರ ಕೇಬಲ್ಲು. ನನಗೂ ಸಾಕಾಗಿದೆ, ಅವಳಿಗೂ ಸಾಕಾಗಿದೆ. ನಿಮ್ಮ ಬಾಯೇನು ಬಾಡಿಗೆಗೆ ಕೊಟ್ಟಿದೀರಾ? ನೀವೇ ಕೇಳ್ಕೊಳ್ಳಿ." ಫೋನು ಇಟ್ಟೇಬಿಟ್ಟಳು.

ಹಿರಿಯಳಿಯ ಕುರ್ಚಿ ನೋಡಿದ, ಗಡಿಯಾರ ನೋಡಿದ. ಏಳು ಸಮುದ್ರ ಈಜುವವನಂತೆ ಉಸಿರು ಎಳೆದುಕೊಂಡು ಷಡ್ಡಕನ ನಂಬರು ಒತ್ತಿದ.

"ಅಣ್ಣಾ? ನೀವಾ? ಮಾವ ಹುಷಾರಾಗಿದಾರೆ ತಾನೆ?"

"ಮಾವ ಗುಂಡುಕಲ್ಲಿನ ಹಾಗಿದಾರೆ. ಹುಷಾರಿಲ್ಲದ್ದು ನಿನ್ನ ಗೋದಾಮಿಗೆ. ಹೊಸ ಲೈನು ಬೇರೆ ಕಟ್ಟಡಕ್ಕೆ ಅಂತ ನೀನೇ ತಾನೆ ಹೇಳಿದ್ದು?"

"ನಮಗೆಲ್ಲಿದೆ ಅಣ್ಣ ಬೇರೆ ಕಟ್ಟಡ? ಇರೋದು ಒಂದೇ ಗೋದಾಮು. ಎರಡು ಬೀದಿಗೆ ಎರಡು ಬಾಗಿಲು."

"ಮತ್ತೆ ನಿನ್ನ ಹೆಂಡ್ತಿ ನಮ್ಮವಳಿಗೆ ಹಾಗಂದಳಲ್ಲ?"

"'ಭಾವ ಅದನ್ನ ಬೇರೆ ಕಟ್ಟಡ ಅಂತಿದಾರೆ, ಹೌದಾ?' ಅಂತ ಅವಳು ಕೇಳಿದ್ಲು. ನಿಮ್ಮ ಕಡೆ ಹಾಗೆ ಕರೀತೀರೇನೋ ಅಂದ್ಕೊಂಡು, ಅವರು ಹೇಳಿದ ಮೇಲೆ ಹೌದೇ ಇರಬೇಕು ಅಂದೆ. ನಿಮ್ಮನ್ನ ಬಿಟ್ರೆ ಇಂಜಿನಿಯರೇ ಇಲ್ಲ ಅಂತ ನೀವೇ ಹೇಳ್ತಿರ್ತೀರಲ್ಲ ಅಣ್ಣ."

ಹಿರಿಯಳಿಯನ ಮೀಸೆ ತಾನಾಗಿಯೇ ಇಳಿಯಿತು. ಅವನದೇ ಊಹೆ ಮುಂಬಾಗಿಲಿಂದ ಹೊರಟು, ಅಕ್ಕತಂಗಿಯರ ಕಿವಿಗಳನ್ನೆಲ್ಲ ಸುತ್ತಿ, ಷಡ್ಡಕನ ಅಂಗಿ ತೊಟ್ಟು ಹಿಂಬಾಗಿಲಿಂದ ಒಳಗೆ ಬಂದಿತ್ತು. ಇವನು ಅದಕ್ಕೆ ಮಣೆ ಹಾಕಿ ಕೂರಿಸಿದ್ದ.

"ಫೋನ್ ಇಡಬೇಡ, ತಮ್ಮಾ," ಎಂದವನೇ ಹೆಗಲಿಗೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು, ಎರಡು ಬಾಗಿಲಿಗೂ ಒಂದೇ ಗುರುತು ಬಡಿದ. ಆ ಟೈಪಿಂಗ್ ಸದ್ದಿಗೆ ಮೇಲಿನ ಮಹಡಿಯವರು ಆಲಿಕಲ್ಲು ಬಿತ್ತೆಂದು ಕಿಟಕಿ ಮುಚ್ಚಿದರು.

"ಬಂತು ಅಣ್ಣ," ಎಂದ ಆ ಕಡೆಯಿಂದ ಕಿರಿಯಳಿಯ. "ಒಂದು ಡಬಲ್ ಹಾಸಿಗೆ, ನಾಲ್ಕು ದಿಂಬು. ಇನ್ನೂ ಬರ್ತಾ ಇದೆ."

ಮ್ಯಾನೇಜರಮ್ಮ ಪರದೆಯತ್ತ ಬಗ್ಗಿದಳು. "ಏನಾಗಿತ್ತು?"

ರೂಟರಿನ ತಲೆಗೆ ಕಟ್ಟಲು ಹಿರಿಯಳಿಯನ ನಾಲಿಗೆಯ ತುದಿಯಲ್ಲಿ ನೂರು ಕಥೆ ಇದ್ದವು. ಒಂದೂ ಹೊರಡಲಿಲ್ಲ. "ನಾನು ಹೇಳಿದ್ದನ್ನ ನಾನೇ ನಂಬಿಬಿಟ್ಟಿದ್ದೆ ಮೇಡಂ."

"ಅದು ದಿನಾ ಇದ್ದದ್ದೇ," ಎಂದು ಅವಳು ಊಟಕ್ಕೆ ಹೋದಳು.

ಕುರ್ಚಿ ಉಳಿದ ಸಂಗತಿಯನ್ನು ತಕ್ಷಣ ಹೆಂಡತಿಗೆ ಬಣ್ಣ ಕಟ್ಟಿ ಹೇಳಬೇಕೆಂದು ಹಿರಿಯಳಿಯ ಫೋನ್ ಮಾಡಿದ. ಎಂಗೇಜ್. ಸ್ವಲ್ಪ ಬಿಟ್ಟು ಮಾಡಿದ. ಎಂಗೇಜ್. ಊಟ ಮುಗಿಸಿ ಬಂದು ಮಾಡಿದ; ಆಗಲೂ ಎಂಗೇಜ್. ಅಷ್ಟರಲ್ಲಿ ಕಿರಿಯಳಿಯನ ಫೋನ್ ಬಂತು.

"ಅಣ್ಣ, ಆವಾಗಿನಿಂದ ನಮ್ಮವಳ ನಂಬರ್ ಸಿಗ್ತಾನೇ ಇಲ್ಲ."

"ನಮ್ಮವಳದೂ ಅದೇ."

"ಇಬ್ಬರೂ ಇಷ್ಟು ಹೊತ್ತು ಏನು ಮಾತಾಡ್ತಿರಬಹುದು?"

ಜಗತ್ತಿನ ಯಾವ ಪ್ರಶ್ನೆಗೂ ತಡವರಿಸದ ಹಿರಿಯಳಿಯ ಇಳಿದ ಮೀಸೆಯನ್ನೊಮ್ಮೆ ಸವರಿಕೊಂಡ.

"ನಮ್ಮ ವಿಷಯ ಅಂತೂ ಅಲ್ಲ ಕಣಪ್ಪ."