ಇಪ್ಪತ್ತೇಳು ಬಾಯಿ, ಒಂದೇ ಸಾಲು

ಇಪ್ಪತ್ತೇಳು ಹೆಂಗಸರು ಒಂದೇ ಮಾತು ಹೇಳಿದ್ದರು. ಅಕ್ಷರವೂ ಆಚೀಚೆಯಿಲ್ಲ.

ಗುರುದೇವಿ ಕಂಪ್ಯೂಟರಿನ ಪರದೆಯನ್ನು ಮೇಲಕ್ಕೂ ಕೆಳಕ್ಕೂ ಎಳೆದು ನೋಡಿದಳು. ಮುದನಾಳದಲ್ಲಿ ಒಂಬತ್ತು, ಕೊಂಕಲ್‌ನಲ್ಲಿ ಹನ್ನೊಂದು, ವನದುರ್ಗದಲ್ಲಿ ಏಳು. ಊರಿಗೊಂದು ಕಾಲಂ. ಮೂರರಲ್ಲೂ ಅದೇ ಸಾಲು:

‘ಒಳಗ ಹುಳ ಬಿದ್ದ ಬದನೀಕಾಯಿ ಆಗ್ಯಾದ, ಇಟ್ಕೊಂಡ್ರ ಮೈಯೆಲ್ಲ ಕೊಳೀತದ.’

ಎರಡು ದಿನದ ಹಿಂದೆ ಇದೇ ಸಾಲು ಕಂಡು ಹಿರಿಹಿರಿ ಹಿಗ್ಗಿದ್ದಳು. ಹೆಣ್ಣುಮಕ್ಕಳು ಒಡಲಿನ ಬೇನೆಯನ್ನು ಯಾವ ಮಾತಿನಲ್ಲಿ ಹೇಳಿಕೊಳ್ಳುತ್ತಾರೆ ಎಂಬುದೇ ಗುರುದೇವಿ ದುಡಿಯುವ ಯಾದಗಿರಿಯ ಸಂಸ್ಥೆಯ ಅಧ್ಯಯನ, ಅದರ ಮೇಲ್ವಿಚಾರಣೆ ಇವಳದು. ಹೊಲದಲ್ಲಿ ದುಡಿಯುವವರು ಗರ್ಭಚೀಲಕ್ಕೆ ಬದನೆಕಾಯಿಯ ಹೋಲಿಕೆ ಕೊಟ್ಟರೆ ಇನ್ನೇನು ಬೇಕು! ಸಂದರ್ಶನಗಳೆಲ್ಲ ತಂತ್ರಾಂಶದಲ್ಲಿದ್ದವು. ಪುಟ ತಿರುವುವಾಗ ಕಣ್ಣಿಗೆ ಬಿದ್ದ ಆ ಒಂದು ಸಾಲಿಗೆ ‘ಒಡಲಿನ ಹೋಲಿಕೆ’ ಎಂಬ ಗುರುತು ಅಂಟಿಸಿದಳು. ಬದನೀಕಾಯಿ ಇರುವ ಉಳಿದ ಸಾಲುಗಳನ್ನೂ ಹುಡುಕಿ ಅದೇ ಗುರುತು ಹಚ್ಚು ಎಂದು ತಂತ್ರಾಂಶಕ್ಕೇ ಹೇಳಿದಳು. ಈಗ ಆ ಗುರುತು ಒತ್ತಿದರೆ ಸಾಕು, ನೂರಾರು ಪುಟಗಳಿಂದ ಅಷ್ಟಷ್ಟೇ ತುಂಡು ಕಿತ್ತು ಬಂದು ಊರುವಾರು ಪಕ್ಕಪಕ್ಕ ನಿಲ್ಲುತ್ತವೆ. ಬೇಕಾದ ಸಾಲನ್ನಷ್ಟೇ ನೋಡು, ಹಿಂದುಮುಂದಿನ ಹರಟೆಯಲ್ಲಿ ಮುಳುಗಬೇಡ ಎಂದು ಗುರುಗಳು ಕಲಿಸಿದ್ದರು.

ಇವತ್ತು ಬೆಳಿಗ್ಗೆ ಹೋಲಿಸಿ ನೋಡಿದಳು. ಹಿಗ್ಗು ಅಲ್ಲೇ ಇಳಿಯಿತು. ಒಬ್ಬಳ ಬಾಯಲ್ಲಿ ಬಂದರೆ ಹೋಲಿಕೆ. ಇಪ್ಪತ್ತೇಳು ಬಾಯಲ್ಲಿ ಬಂದರೆ ಕಳ್ಳ ಬರವಣಿಗೆ.

ಮೂರೂ ಊರಿಗೆ ಹೋಗಿ ಬರೆದುಕೊಂಡು ಬಂದವಳು ಒಬ್ಬಳೇ, ಹಣಮಂತಮ್ಮ. ಭೀಮಾ ದಂಡೆಯ ಹೆಂಗಸು, ನಾಲ್ಕು ವರ್ಷದಿಂದ ಹಂಗಾಮಿ ಕೆಲಸ. ಅವಳ ನೌಕರಿ ಕಾಯಂ ಮಾಡುವ ಆದೇಶ ಮೇಜಿನ ಮೇಲೇ ಇತ್ತು, ಗುರುದೇವಿಯ ಸಹಿಯೊಂದೇ ಬಾಕಿ. ಎಂಥ ಮೋಸ! ಬಿಸಿಲಿಗೆ ಹೆದರಿ ಮನೆಯಲ್ಲೇ ಕೂತು ಗೀಚಿದ್ದಾಳೆ ಎಂದುಕೊಂಡಳು.

ಅಷ್ಟರಲ್ಲಿ ಫೋನು. ಅಕ್ಕ ಮಲ್ಲೇಶ್ವರಿ. ಎರಡನೆಯ ಕೂಸು ಯಾಕೆ ನಿಲ್ಲುತ್ತಿಲ್ಲ ಎಂದು ತೋರಿಸಲು ಸುರಪುರದಿಂದ ಮೊದಲ ಬಸ್ಸಿಗೆ ಬಂದಿದ್ದಳು.

“ಗುರು, ದವಾಖಾನ್ಯಾಗ ಇದ್ದೀನವ್ವ. ಏನೋ ಕಾಗದದ ಮ್ಯಾಲ ಸಹಿ ಮಾಡು ಅನ್ನಾಕತ್ತಾರ. ನೀ ಒಂದೀಟು ಬಂದು ಹೋಗ್ತಿಯೇನ?”

“ಅವ್ರು ಓದಿದವ್ರಕ್ಕ, ಅವ್ರಂದಂಗ ಮಾಡು. ನನಗಿಲ್ಲಿ ಒಬ್ಬಾಕಿ ಸುಳ್ಳು ಹಿಡಿಯೋದದ. ಸಂಜೀಗಿ ಬರ್ತೀನಿ.”

ಅಕ್ಕ ಇನ್ನೇನೋ ಅನ್ನುತ್ತಿದ್ದಳು. ಬಾಗಿಲಲ್ಲಿ ಹಣಮಂತಮ್ಮ ಕಂಡಳು. ಗುರುದೇವಿ ಫೋನು ಇಟ್ಟಳು.

ಹಣಮಂತಮ್ಮನ ಹೆಗಲಲ್ಲಿ ನೋಟ್‌ಬುಕ್ಕಿನ ಚೀಲ, ಮುಖದಲ್ಲಿ ಆದೇಶ ಕೈಗೆ ಬರುವ ಹುರುಪು. ಗುರುದೇವಿ ಪರದೆಯನ್ನು ಅವಳತ್ತ ತಿರುಗಿಸಿದಳು.

“ಇವ್ರೆಲ್ಲಾ ನಿಮಗ ಹಿಂಗ ಹೇಳ್ಯಾರೇನು?”

“ಹೌದ್ರಿ ಮೇಡಂ, ಎಲ್ಲಾರೂ.”

“ಇಪ್ಪತ್ತೇಳು ಮಂದಿಗಿ ಒಂದೇ ಬದನೀಕಾಯಿ? ರೆಕಾರ್ಡಿಂಗ್ ಎಲ್ಲ್ಯದ?”

“ಹೊಟ್ಟಿ ಮಾತು ಫೋನಿನಾಗ ಹಿಡೀಬ್ಯಾಡ ಅಂದ್ರು ಆ ಹೆಣ್ಮಕ್ಕಳು. ಅದಕ್ಕ ಒಂದಕ್ಷರ ಬಿಡಲಾರದಂಗ ಕೈಲೆ ಬರ್ದೀನಿ.”

“ಒಬ್ರು ಅಂದದ್ದನ್ನ ಎಲ್ಲಾರ ಬಾಯಾಗ ತುರುಕೀರಿ. ಹೌದಿಲ್ಲೋ?”

ಹಣಮಂತಮ್ಮ ಪರದೆಯ ಮೇಲಿನ ಸಾಲಿಗೆ ಬೆರಳಿಟ್ಟಳು.

“ತುರುಕ್ಯಾರ್ರಿ, ಖರೇ ಅದ. ನಾ ಅಲ್ಲ. ತುಂಡು ತುಂಡು ಓದಬ್ಯಾಡ್ರಿ ಮೇಡಂ, ಆ ಸಾಲಿನ ಹಿಂದಿಂದು ಓದ್ರಿ…”

“ಸಾಕು!”

ಸಿಕ್ಕಿಬಿದ್ದ ಮೇಲೆ ಮತ್ತೊಬ್ಬರ ಮೇಲೆ ಹಾಕುವವರನ್ನು ಗುರುದೇವಿ ಬೇಕಾದಷ್ಟು ನೋಡಿದ್ದಳು. ಹಣಮಂತಮ್ಮ ಚೀಲದಿಂದ ನೋಟ್‌ಬುಕ್ಕು ತೆಗೆದು ಮುಂದೆ ಸರಿಸಿದಳು. ಗುರುದೇವಿ ಹಾಗೇ ಹಿಂದಕ್ಕೆ ಸರಿಸಿದಳು. ಆದೇಶದ ಕಾಗದವನ್ನು ಅವಳ ಎದುರೇ ಎರಡು ತುಂಡು ಮಾಡಿದಳು.

ಹಣಮಂತಮ್ಮ ಅಳಲಿಲ್ಲ, ಕೈಮುಗಿಯಲೂ ಇಲ್ಲ. ಮುಖ ಮಾತ್ರ ಬಿಳಿಚಿತು.

“ನನ್ನ ನೌಕರಿ ಹೋದ್ರ ಹೋಗ್ಲಿ. ಆ ಹೆಣ್ಮಕ್ಕಳ ಮಾತು ಅಳಿಸಬ್ಯಾಡ್ರಿ. ಈಗೂ ದಿನಾ ಒಬ್ಬೊಬ್ರು ಹೋಗಾಕತ್ತಾರ.”

ಎಲ್ಲಿಗೆ ಎಂದು ಗುರುದೇವಿ ಕೇಳಲಿಲ್ಲ. ನೋಟ್‌ಬುಕ್ಕು ಮೇಜಿನ ಮೇಲೇ ಬಿಟ್ಟು ಹಣಮಂತಮ್ಮ ಬಿಸಿಲಿಗೆ ಇಳಿದಳು. ನಾಲ್ಕು ವರ್ಷ ದುಡಿದ ಕಚೇರಿಯನ್ನು ತಿರುಗಿ ಸಹ ನೋಡಲಿಲ್ಲ.

ಊಟವಾದ ಮೇಲೆ ಗುರುದೇವಿ ಇಪ್ಪತ್ತೇಳು ಸಂದರ್ಶನಗಳನ್ನೂ ಆರಿಸಿದಳು. ಅಳಿಸಬೇಕೆ ಎಂದು ತಂತ್ರಾಂಶ ಕೇಳಿತು. ಹೌದು. ಖಚಿತವೇ ಎಂದು ಮತ್ತೆ ಕೇಳಿತು. ಹೌದು ಎಂದು ಇನ್ನೂ ಜೋರಾಗಿ ಒತ್ತಿದಳು. ಕಟ್ಟಿಗೆಯ ಹೊರೆ ಇಳಿಸಿದಂತೆ ಹಗುರಾಯಿತು ಎದೆ. ಮೋಸಕ್ಕೆ ತಕ್ಕ ಶಾಸ್ತಿ ಮಾಡಿದೆ ಎಂದು ಚಹಾ ತರಿಸಿಕೊಂಡು ಕುಡಿದಳು.

ಸಂಜೆ ಆರಕ್ಕೆ ಆಸ್ಪತ್ರೆಗೆ ಹೋದಳು. ತಪಾಸಣೆಗೆ ಬಂದವರು ಕೂರುವ ಬೆಂಚಿನಲ್ಲಿ ಅಕ್ಕ ಇರಲಿಲ್ಲ. ಮ್ಯಾಲಿನ ವಾರ್ಡಿನಾಗ ಅದಾರ ನೋಡ್ರಿ ಎಂದಳು ನರ್ಸು. ಉದ್ದಕ್ಕೆ ಹನ್ನೆರಡು ಮಂಚ, ಒಂದೂ ಖಾಲಿಯಿಲ್ಲ, ಎಲ್ಲ ಮಂಚದಲ್ಲೂ ಕೈಗೆ ಸಲಾಯಿನ್ ಹಚ್ಚಿಕೊಂಡ ಹೆಂಗಸರು. ಕಿಟಕಿ ಪಕ್ಕದ ಮಂಚದಲ್ಲಿ ಮಲ್ಲೇಶ್ವರಿ ಬಿಳಿಚಿಕೊಂಡು ಮಲಗಿದ್ದಳು.

“ಏನಾತಕ್ಕ?”

“ಗರ್ಭಚೀಲ ತೆಗೆದ್ರವ್ವ.”

“ಅಯ್ಯೋ! ಕೂಸು ಬೇಕಂತ ಬಂದಾಕಿ ನೀ! ಯಾಕ ಸಹಿ ಮಾಡಿದಿ?”

“ನೀನೇ ಅಂದೆಲ್ಲ, ಅವ್ರಂದಂಗ ಮಾಡು ಅಂತ.” ಮಲ್ಲೇಶ್ವರಿ ಒಣಗಿದ ತುಟಿ ಸವರಿಕೊಂಡಳು. “ಡಾಕ್ಟರು ಸ್ಕ್ಯಾನಿಂಗ್ ಫೋಟೋ ತೋರಿಸಿ ಹೇಳಿದ್ರು ಗುರು… ಒಳಗ ಹುಳ ಬಿದ್ದ ಬದನೀಕಾಯಿ ಆಗ್ಯಾದ, ಇಟ್ಕೊಂಡ್ರ ಮೈಯೆಲ್ಲ ಕೊಳೀತದ.”