ಮನಸ್ಸು ಓದುವ ರೋಬೋಟು

ಮನೆಗೆಲಸದ ರೋಬೋಟುಗಳು ಬಾಯಿಮಾತು ಬಿಟ್ಟು ಮನಸ್ಸಿನ ಮಾತು ಕೇಳತೊಡಗಿ ಒಂಬತ್ತು ವರ್ಷವಾಗಿತ್ತು. ಅತಿಥಿ "ಬ್ಯಾಡ, ಹೊಟ್ಟಿ ತುಂಬೈತಿ" ಎಂದರೂ ಅವು ಮುಖ ನೋಡಿ ಮತ್ತೊಂದು ರೊಟ್ಟಿ ಬಡಿಸುತ್ತಿದ್ದವು. ಇದಕ್ಕೆಲ್ಲ ಮೂಲ ಧಾರವಾಡದ ಪ್ರೊಫೆಸರ್ ಗಂಗಾಂಬಿಕಾ ಹೊಸಮಠ ಅವರ ಸಂಶೋಧನೆ. ಅದನ್ನು ಪ್ರತಿ ಸಮ್ಮೇಳನದಲ್ಲೂ ಎದ್ದು ನಿಂತು ವಿರೋಧಿಸಿದವರು ಸಹೋದ್ಯೋಗಿ ಕಟ್ಟೀಮನಿ. ಮನುಷ್ಯ ಆಡಿದ ಮಾತಿಗಷ್ಟೇ ಯಂತ್ರ ಬೆಲೆ ಕೊಡಬೇಕು ಎಂಬುದು ಅವರ ವಾದ. ಜಗಳದಲ್ಲೇ ಮೂವತ್ತು ವರ್ಷ ಕಳೆದು, ಇಬ್ಬರಿಗೂ ಮದುವೆಯಾಗುವುದು ಉಳಿದೇಹೋಗಿತ್ತು.

ಈಗ ನಿವೃತ್ತರಾದ ಕಟ್ಟೀಮನಿ ಊರು ಬಿಟ್ಟು ಮಂಗಳೂರಿನ ತಂಗಿಯ ಮನೆಗೆ ಹೊರಟಿದ್ದರು. ಹೇಳಿ ಹೋಗಲು ಗಂಗಾಂಬಿಕಾ ಅವರ ಮನೆಗೆ ಬಂದು ಬಾಗಿಲಲ್ಲೇ ನಿಂತರು.

"ಬರ್ತೀನ್ರಿ ಮೇಡಂ."

"ಹೋಗಿ ಬರ್ರಿ ಸರ್. ರೈಲಿಗೆ ಹೊತ್ತಾಗತೈತಿ," ಎಂದರು ಗಂಗಾಂಬಿಕಾ.

ಮನೆಯ ರೋಬೋಟು ಸರಸರನೆ ಬಂದು ಕಟ್ಟೀಮನಿಯವರ ಚೀಲವನ್ನು ಒಳಕೋಣೆಗೆ ಒಯ್ದಿತು. ಗೇಟಿಗೆ ಚಿಲಕ ಹಾಕಿ ಬಂದು, ಇಬ್ಬರಿಗಾಗುವಷ್ಟು ಅನ್ನಕ್ಕಿಟ್ಟಿತು.

"ಏ, ಚೀಲ ತಂದುಕೊಡು!" ಗಂಗಾಂಬಿಕಾ ಗದರಿದರು. ಅದು ಅವರ ಮುಖ ನೋಡಿ ಬೇಳೆಯನ್ನೂ ತೊಳೆಯತೊಡಗಿತು.

ಕಟ್ಟೀಮನಿ ತಲೆಯಾಡಿಸಿದರು. "ಯಂತ್ರ ಹೇಳಿದ್ದನ್ನ ನಾ ನಂಬೂದಿಲ್ಲ, ನಿಮಗ ಗೊತ್ತೈತಿ. ನೀವ ಬಾಯಿಬಿಟ್ಟು ಹೇಳ್ರಿ."

ಊರವರ ಮನಸ್ಸನ್ನೆಲ್ಲ ಓದಿದ್ದ ಗಂಗಾಂಬಿಕಾ ಅವರಿಗೆ ತಮ್ಮ ಮನಸ್ಸಿನ ಮಾತು ಆಡಿ ಅಭ್ಯಾಸವಿರಲಿಲ್ಲ. ಹೇಳಿದರೆ ಇಡೀ ವಾದದಲ್ಲಿ ಸೋತಂತೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು.

"ಇಲ್ಲೇ ಇರ್ರಿ," ಎಂದರು ಕೊನೆಗೆ.

"ಸ್ವಲ್ಪ ಜೋರಾಗಿ ಹೇಳ್ರಿ," ಎನ್ನುತ್ತ ಕಟ್ಟೀಮನಿ ಚಪ್ಪಲಿ ಬಿಟ್ಟು ಒಳಗೆ ಬಂದರು. "ಸಮ್ಮೇಳನದಾಗ ಇಷ್ಟು ಮೆಲ್ಲಕ ಮಾತಾಡ್ತಿದ್ದಿಲ್ಲ ನೀವು."