ನಲವತ್ತು ಕಿಲೋ

ಗುಂಡಿನ ಸದ್ದು ಹೊಳೆಯ ಆಚೆ ದಡದವರೆಗೂ ಬಂದಿತ್ತು. ಮರುದಿನ ವಿಮಾನ ಬಂದು ಪರಿಹಾರ ಶಿಬಿರದ ಸಿಬ್ಬಂದಿಯನ್ನು ಕರೆದೊಯ್ಯುತ್ತದೆ ಎಂದು ತಿಳಿದಾಗ, ಕರ್ನಾಟಕದಿಂದ ಬಂದಿದ್ದ ನರ್ಸ್ ಮೊದಲು ಕೇಳಿದ್ದು ತನ್ನ ದುಭಾಷಿಯ ಬಗ್ಗೆ. ದುಭಾಷಿ ಆ ಊರಿನವಳೇ. ಸೊರಗಿದ ಮಕ್ಕಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ ತೂಕವನ್ನು ಗಟ್ಟಿಯಾಗಿ ಕೂಗುವುದು ಅವಳ ಕೆಲಸ, ಬರೆದುಕೊಳ್ಳುವುದು ನರ್ಸಿನ ಕೆಲಸ. ಎಂಟು ತಿಂಗಳಲ್ಲಿ ಅವಳು ಕಲಿತ ಕನ್ನಡ ‘ಅಕ್ಕ’ ಎಂಬುದೊಂದೇ.

“ಸಿಸ್ಟರ್, ವಿಮಾನ ಹೊರದೇಶದಿಂದ ಬಂದೋರಿಗೆ ಮಾತ್ರ,” ಎಂದ ಕಚೇರಿಯ ಅಧಿಕಾರಿ ಫೋನಿನಲ್ಲಿ. ಅವನೂ ಕನ್ನಡದವನೇ. “ಅಲ್ಲೇ ಕೆಲಸಕ್ಕೆ ತಗೊಂಡೋರಿಗೆ ಆ ಸವಲತ್ತಿಲ್ಲ.”

“ಅವಳಿಗೆ ಇಬ್ಬರು ಸಣ್ಣ ಮಕ್ಕಳಿದಾರೆ ಸರ್.”

“ನಿಮ್ಮ ಮಕ್ಕಳಾಗಿದ್ರೆ ಸೀಟು ಕೊಡ್ತಿದ್ದೆ. ನನ್ನ ಕೈಲೇನಿದೆ ಹೇಳಿ? ನಿಮ್ಮ ಸಾಮಾನಿಗೆ ನಲವತ್ತು ಕಿಲೋ ಇದೆ. ಏನೂ ಬಿಟ್ಟು ಬರಬೇಡಿ.”

ಫೋನಿಟ್ಟು ತಿರುಗಿದರೆ ಬಾಗಿಲಲ್ಲಿ ದುಭಾಷಿ ನಿಂತಿದ್ದಳು.

“ಏನಂದರು?” ಎಂದಳು ತನ್ನ ಭಾಷೆಯಲ್ಲಿ.

ನಿಜ ಹೇಳಲು ನರ್ಸಿಗೆ ಬಾಯಿ ಬರಲಿಲ್ಲ. “ನನ್ನ ಸಾಮಾನಿಗೆ ನಲವತ್ತು ಕಿಲೋ ಅಂತೆ.”

“ಮತ್ತೆ ನಾವು?”

ನರ್ಸ್ ತಲೆ ತಗ್ಗಿಸಿದಳು.

ದುಭಾಷಿ ಅಳಲಿಲ್ಲ, ಜಗಳವಾಡಲಿಲ್ಲ. ಸೀದಾ ಹೊರಗೆ ಹೋದಳು. ಸ್ವಲ್ಪ ಹೊತ್ತಿಗೆ ತೂಕದ ಯಂತ್ರದ ಕಡೆಯಿಂದ, ದಿನವೂ ಕೂಗುವ ಹಾಗೆಯೇ, ಅವಳ ದನಿ ಕೇಳಿಸಿತು:

“ಅಕ್ಕಾ, ಇಬ್ಬರೂ ಸೇರಿ ಇಪ್ಪತ್ತೇಳೇ ಕಿಲೋ!”